ಕೇಳಿ, ಹೇಳ್ತೀನಿ: ಅಮೆರಿಕದ ಹತ್ತಿ, ಹಳಿ, ಹಕ್ಕು

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಇತಿಹಾಸದ ಬಗ್ಗೆಯೇ ಇದ್ದವು. ಕಳೆದ ಸಂಚಿಕೆಯಲ್ಲಿ ಅಲ್ಲಿನ ರೈಲಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದೇ ಕಾರಣ ಇರಬೇಕು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳಿಗೆ ಇಂಥ ಪತ್ರ ಬಂದರೆ ಹಬ್ಬ ಬಂದ ಹಾಗೆ.

ಪ್ರಶ್ನೆ: ಟೀಚರ್, ನಾನು ಯುಪಿಎಸ್‌ಸಿ ಮೇನ್ಸ್‌ಗೆ ಓದುತ್ತಿದ್ದೇನೆ. 19ನೇ ಶತಮಾನದ ಅಮೆರಿಕ ಅಂದರೆ ಪುಸ್ತಕದಲ್ಲಿ ಪಶ್ಚಿಮದ ಕಡೆಗೆ ವಿಸ್ತರಣೆ ಒಂದು ಅಧ್ಯಾಯ, ಕೈಗಾರಿಕೆ ಇನ್ನೊಂದು, ಸಮಾಜ ಸುಧಾರಣೆ ಮತ್ತೊಂದು. ಒಂದು ಓದುವಾಗ ಇನ್ನೊಂದು ಮರೆತುಹೋಗುತ್ತದೆ. ಏನು ಮಾಡಲಿ? (ಓದುಗ, ಚಿತ್ರದುರ್ಗ)

ಮೂರು ಅಧ್ಯಾಯ ಅಂತ ಓದಬೇಡಿ. ಒಂದು ಹಿಡಿ ಹತ್ತಿ ತಗೊಳ್ಳಿ, ಅದು ಹೋದಲ್ಲೆಲ್ಲ ಅದರ ಹಿಂದೆ ಹೋಗಿ.

ನನಗೆ ಇದು ಹೊಳೆದದ್ದು ಲೋವೆಲ್ ಎಂಬ ಊರಿನಲ್ಲಿ. ನನ್ನ ಮಗಳು ಮ್ಯಾಸಚೂಸೆಟ್ಸ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋದವಳು ಆರು ತಿಂಗಳು ಅಲ್ಲೇ ಇದ್ದೆ. ಅವರ ಮನೆಯಿಂದ ಲೋವೆಲ್‌ಗೆ ಅರ್ಧ ಗಂಟೆಯ ದಾರಿ. ಮೆರಿಮ್ಯಾಕ್ ಹೊಳೆಯ ದಂಡೆಯಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಬಟ್ಟೆ ಗಿರಣಿಗಳು. ಅವುಗಳಲ್ಲಿ ಬೂಟ್ ಮಿಲ್ ಅನ್ನುವುದು ಈಗ ಮ್ಯೂಸಿಯಂ. ಒಳಗೆ ಸುಮಾರು ನೂರು ವರ್ಷದ ಹಳೆಯ ಮಗ್ಗಗಳನ್ನು ಇವತ್ತಿಗೂ ಓಡಿಸುತ್ತಾರೆ. ಒಳಗೆ ಹೋಗುವ ಮೊದಲೇ ಕಿವಿಗೆ ಇಟ್ಟುಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಾರೆ. ನಾನು ಒಂದು ಗಳಿಗೆ ಅದನ್ನು ತೆಗೆದು ನೋಡಿದೆ. ಎದೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ಕಾಲಡಿಯ ನೆಲ ನಡುಗುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಮಗಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಮಗ್ಗದ ಕಡೆ ಕೆಲಸಕ್ಕಿದ್ದರು. ಮನೆಗೆ ಬಂದರೂ ಕೂಗಿಯೇ ಮಾತಾಡುತ್ತಿದ್ದರು. "ಮೆಲ್ಲಗೆ ಮಾತಾಡ್ರಿ, ನಮಗೇನು ಕಿವಿ ಕೇಳ್ಸಲ್ವಾ" ಅಂತ ಅಮ್ಮ ಗದರುತ್ತಿದ್ದಳು. ಕೇಳಿಸದೆ ಹೋಗಿದ್ದು ಅಪ್ಪನ ಕಿವಿಗೆ. ಅದು ನನಗೆ ಪೂರ್ತಿ ತಿಳಿದದ್ದು ಆವತ್ತು, ಅಪ್ಪ ತೀರಿಹೋಗಿ ಎಷ್ಟೋ ವರ್ಷವಾದ ಮೇಲೆ.

ಲೋವೆಲ್‌ನಲ್ಲಿ ಮೊದಲ ದೊಡ್ಡ ಗಿರಣಿ ಶುರುವಾದದ್ದು 1823ರಲ್ಲಿ. ಕೆಲಸಕ್ಕೆ ಬಂದವರು ಹಳ್ಳಿಯ ರೈತರ ಹೆಣ್ಣುಮಕ್ಕಳು. ಇರಲು ಕಂಪನಿಯದೇ ಬೋರ್ಡಿಂಗ್ ಮನೆ, ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಏಳುವುದಕ್ಕೂ ಗಂಟೆ, ಉಣ್ಣುವುದಕ್ಕೂ ಗಂಟೆ. ದಿನಕ್ಕೆ 12-13 ತಾಸು ಕೆಲಸ, ವಾರಕ್ಕೆ ಆರು ದಿನ. ಆದರೂ ಬಂದರು. ಕೈಯಲ್ಲಿ ತಮ್ಮದೇ ದುಡ್ಡು ಆಡುತ್ತಿತ್ತಲ್ಲ!

1834ರಲ್ಲಿ ಕೂಲಿ ಕಡಿಮೆ ಮಾಡಿದಾಗ ಹುಡುಗಿಯರು ಕೆಲಸ ಬಿಟ್ಟು ಬೀದಿಗಿಳಿದರು. 1836ರಲ್ಲಿ ಊಟ-ವಸತಿಯ ದರ ಏರಿಸಿದಾಗ ಮತ್ತೆ ಇಳಿದರು. ಆ ಎರಡನೇ ಸಲ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹುಡುಗಿಗೆ 11 ವರ್ಷ. ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಹಾಕುವುದು ಅವಳ ಕೆಲಸ. ಹೋಗುವುದೋ ಬಿಡುವುದೋ ಅಂತ ದೊಡ್ಡ ಹುಡುಗಿಯರು ಅನುಮಾನಿಸುತ್ತ ನಿಂತಿದ್ದರು. ಇವಳು, ಯಾರು ಬರಲಿ ಬಿಡಲಿ ನಾನಂತೂ ಹೊರಟೆ ಅಂತ ಹೇಳಿ ನಡೆದೇಬಿಟ್ಟಳು. ಉಳಿದವರೆಲ್ಲ ಹಿಂದೆ ಹೊರಟರು. ಕಂಪನಿ ಸಿಟ್ಟು ತೀರಿಸಿಕೊಂಡದ್ದು ಅವಳ ತಾಯಿಯ ಮೇಲೆ. ಆಕೆ ವಿಧವೆ, ಕಂಪನಿಯ ಬೋರ್ಡಿಂಗ್ ಮನೆಯೊಂದನ್ನು ನಡೆಸಿ ಮಕ್ಕಳನ್ನು ಸಾಕುತ್ತಿದ್ದಳು. ದೊಡ್ಡ ಹುಡುಗಿಯರನ್ನು ತಡೆಯುವುದು ನಿನ್ನ ಕೈಲಿ ಆಗದೆ ಇರಬಹುದು, ಹೆತ್ತ ಮಗಳನ್ನಾದರೂ ತಡೆಯಬಹುದಿತ್ತು ಅಂತ ಹೇಳಿ ಆ ಕೆಲಸ ಕಿತ್ತುಕೊಂಡರು. ಈ ಹ್ಯಾರಿಯೆಟ್ ಮುಂದೆ ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದವರಲ್ಲಿ ಒಬ್ಬಳಾದಳು. ಸುಧಾರಣೆಯ ಅಧ್ಯಾಯ ಎಲ್ಲಿ ಹುಟ್ಟಿತು ಅಂತ ಕೇಳಿದರೆ ನಾನು ಆ ಬಾಬಿನ್ ಬುಟ್ಟಿಯನ್ನು ತೋರಿಸುತ್ತೇನೆ.

ಅದೇ ಊರಿನ ಸಾರಾ ಬ್ಯಾಗ್ಲಿ 1845ರಲ್ಲಿ ಹೆಂಗಸರ ಸಂಘ ಕಟ್ಟಿಕೊಂಡು, ದಿನಕ್ಕೆ ಹತ್ತೇ ತಾಸು ಕೆಲಸ ಸಾಕು ಅಂತ ಸಾವಿರಾರು ಸಹಿ ಹಾಕಿಸಿ ರಾಜ್ಯದ ಶಾಸನಸಭೆಗೆ ಅರ್ಜಿ ಕೊಟ್ಟರು. ಸಭೆಯ ಸಮಿತಿ ವಿಚಾರಣೆ ನಡೆಸಿತು, ಆಮೇಲೆ ಕೈಚೆಲ್ಲಿತು. ಹೆಂಗಸರಿಗೆ ಮತ ಇರಲಿಲ್ಲ. ಆದರೂ ಆ ಸಮಿತಿಯ ಅಧ್ಯಕ್ಷನ ವಿರುದ್ಧ ಪ್ರಚಾರ ಮಾಡಿದರು, ಮುಂದಿನ ಚುನಾವಣೆಯಲ್ಲಿ ಅವನು ಸೋತ. ಹೆಂಗಸರಿಗೂ ಮಕ್ಕಳಿಗೂ ಹತ್ತು ತಾಸಿನ ಕಾನೂನು ಮ್ಯಾಸಚೂಸೆಟ್ಸ್‌ನಲ್ಲಿ ಬಂದದ್ದು 1874ರಲ್ಲಿ. ಅಂದರೆ 29 ವರ್ಷ ಕಾಯಬೇಕಾಯಿತು.

ಈಗ ಹತ್ತಿಯ ಇನ್ನೊಂದು ತುದಿ ನೋಡಿ. ಈ ಮಗ್ಗಗಳಿಗೆ ಹತ್ತಿ ಬರುತ್ತಿದ್ದುದು ದಕ್ಷಿಣದ ರಾಜ್ಯಗಳಿಂದ, ಗುಲಾಮರು ಬಿಡಿಸಿದ ಹತ್ತಿ. 1793ರಲ್ಲಿ ಈಲೈ ವಿಟ್ನಿ ಬೀಜ ಬೇರ್ಪಡಿಸುವ ಜಿನ್ ಯಂತ್ರ ಮಾಡಿದ ಮೇಲೆ ಎಷ್ಟು ಹತ್ತಿ ಬೆಳೆದರೂ ಸಾಲದಾಯಿತು. ಹೊಸ ಹೊಲ ಬೇಕಾಯಿತು. ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ ಕಡೆಯ ಕಪ್ಪು ನೆಲದಿಂದ ಮೂಲನಿವಾಸಿಗಳನ್ನು ಎಬ್ಬಿಸಿದರು. 1861ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಸುಮಾರು 10 ಲಕ್ಷ ಗುಲಾಮರನ್ನು ಹಳೆಯ ರಾಜ್ಯಗಳಿಂದ ಆ ಹೊಲಗಳ ಕಡೆ ಸಾಗಿಸಿದ್ದರು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೆಲ್ಲೋ. ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಪಾಲು ವಾಪಸ್ ದಕ್ಷಿಣಕ್ಕೇ ಹೋಗುತ್ತಿತ್ತು, ಅದೇ ಗುಲಾಮರಿಗೆ ತೊಡಿಸಲು. ಆ ಬಟ್ಟೆಗೆ ಅಲ್ಲಿ ಹೆಸರೇ 'ಲೋವೆಲ್'.

ಹತ್ತಿ ಬಿಡಿಸಿದ ಕೈಗೆ ಅದೇ ಹತ್ತಿ ಬಟ್ಟೆಯಾಗಿ ಮರಳಿ ಬಂತು. ಈ ಒಂದು ದಾರಿಯನ್ನು ನೆನಪಿಟ್ಟುಕೊಳ್ಳಿ, ಮೂರು ಅಧ್ಯಾಯವೂ ಅದರ ಮೇಲೇ ಕೂತಿವೆ.

ಪ್ರಶ್ನೆ: 1803ರಲ್ಲಿ ಫ್ರಾನ್ಸ್ ಲೂಸಿಯಾನವನ್ನು ಅಮೆರಿಕಕ್ಕೆ 1.5 ಕೋಟಿ ಡಾಲರ್‌ಗೆ ಮಾರಿತಂತೆ. ಅಷ್ಟು ಅಗ್ಗಕ್ಕೆ ಯಾಕೆ? (ಓದುಗ, ಶಿರಸಿ)

ನೆಪೋಲಿಯನ್‌ಗೆ ಆಗ ದುಡ್ಡಿನ ಅವಸರ, ಇಂಗ್ಲೆಂಡ್ ಜೊತೆ ಯುದ್ಧ ಬಾಗಿಲಲ್ಲಿತ್ತು. ಅದಕ್ಕಿಂತ ದೊಡ್ಡ ಕಾರಣ ಫ್ರಾನ್ಸಿನ ವಶದಲ್ಲಿದ್ದ ಹೈಟಿ. ಅಲ್ಲಿನ ಗುಲಾಮರು ದಂಗೆ ಎದ್ದು ಫ್ರೆಂಚ್ ಸೈನ್ಯವನ್ನು ಹಣ್ಣುಗಾಯಿ ಮಾಡಿದರು, ಉಳಿದವರನ್ನು ಹಳದಿ ಜ್ವರ ತಿಂದಿತು. ಸಕ್ಕರೆಯ ದ್ವೀಪವೇ ಕೈತಪ್ಪಿದ ಮೇಲೆ ಅದಕ್ಕೆ ಕಾಳು ಕಡ್ಡಿ ಒದಗಿಸಬೇಕಿದ್ದ ಲೂಸಿಯಾನ ಯಾಕೆ ಬೇಕು? ಕೊಟ್ಟುಬಿಟ್ಟ. ಸುಮಾರು 8,28,000 ಚದರ ಮೈಲಿ, ನಮ್ಮ ಕರ್ನಾಟಕದಂಥ 11 ರಾಜ್ಯ ಹಿಡಿಸುವಷ್ಟು.

ಒಂದು ಮಾತು ಸೇರಿಸಬೇಕು. ಮಾರಿದ್ದು ಭೂಮಿಯನ್ನಲ್ಲ, ಆ ಭೂಮಿಯ ಮೇಲೆ ಯುರೋಪಿನ ಒಂದು ದೇಶ ಹೇಳಿಕೊಳ್ಳುತ್ತಿದ್ದ ಹಕ್ಕನ್ನು. ಅಲ್ಲಿ ಬಾಳುತ್ತಿದ್ದ ಒಸೇಜ್, ಸೂ, ಮ್ಯಾಂಡನ್ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳಿಗೆ ಸ್ವಂತ ಲಿಪಿ ಇತ್ತೇ? ಅವರು ಓದು ಬರಹ ಕಲಿತು ಹೊಂದಿಕೊಂಡಿದ್ದರೆ ಜಾಗ ಬಿಡಬೇಕಾಗುತ್ತಿರಲಿಲ್ಲ ಅಂತ ನನ್ನ ಗೆಳತಿ ವಾದಿಸುತ್ತಾಳೆ. (ಓದುಗಿ, ಹಾಸನ)

ನಿಮ್ಮ ಗೆಳತಿಗೆ ಜಾರ್ಜಿಯಾ ಕಡೆಯ ಮೂಲನಿವಾಸಿಗಳಾದ ಚೆರೋಕಿ ಜನರ ಕಥೆ ಹೇಳಿ. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಗಂಟಲು ಕಟ್ಟುತ್ತಿತ್ತು.

ಸಿಕ್ವೋಯಾ ಎಂಬ ಒಬ್ಬ ಚೆರೋಕಿ ಇದ್ದರು. ಬೆಳ್ಳಿ ಕೆಲಸ ಮಾಡುವವರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತನ್ನು ಹಿಡಿದಿಡುವುದನ್ನು ನೋಡಿದರು, ನಮ್ಮ ಮಾತಿಗೂ ಅದು ಆಗಬೇಕು ಅಂತ ಹಟ ಹಿಡಿದು ಕೂತರು. ಮೊದಲು ಪದಕ್ಕೊಂದು ಗುರುತು ಮಾಡಹೊರಟರು. ಅದು ಮುಗಿಯದ ಕೆಲಸ ಅಂತ ಗೊತ್ತಾಯಿತು. ಆಮೇಲೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ ಮಾಡಿದರು. 1821ರ ಹೊತ್ತಿಗೆ ಲಿಪಿ ಸಿದ್ಧ. ಈಗ ಅದರಲ್ಲಿ 85 ಅಕ್ಷರ.

ಕನ್ನಡಿಗರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ನಮ್ಮ ಕಾಗುಣಿತದಲ್ಲೂ 'ಕ', 'ಕಿ', 'ಕು' ಒಂದೊಂದೂ ಒಂದು ಪೂರ್ತಿ ಉಚ್ಚಾರ, ಅಲ್ವಾ? ಆದರೆ ನಮ್ಮಲ್ಲಿ ಗುಡಿಸು, ಕೊಂಬು ಬದಲಾದರೂ ಒಳಗಿನ 'ಕ' ಗುರುತು ಸಿಗುತ್ತದೆ. ಚೆರೋಕಿಯಲ್ಲಿ ಹಾಗಲ್ಲ, ಒಂದೊಂದಕ್ಕೂ ಸಂಬಂಧವಿಲ್ಲದ ಬೇರೆ ಬೇರೆ ಆಕಾರ. ಕೆಲವು ಆಕಾರಗಳನ್ನು ಇಂಗ್ಲಿಷ್ ಪುಸ್ತಕದಿಂದ ಎತ್ತಿಕೊಂಡರು, ಉಚ್ಚಾರ ಮಾತ್ರ ತಮ್ಮದು. ಡಿ ಆಕಾರದ ಅಕ್ಷರ ಅಲ್ಲಿ 'ಅ'. ಡಬ್ಲ್ಯೂ ಆಕಾರದ್ದು 'ಲ'. ಮೊದಲು ಕಲಿತವಳು ಅವರ ಪುಟ್ಟ ಮಗಳು. ಇನ್ನೊಂದು ಕೋಣೆಯಲ್ಲಿ ಯಾರೋ ಹೇಳಿದ ಮಾತನ್ನು ಅಪ್ಪ ಬರೆಯುವುದು, ಮಗಳು ಬಂದು ಓದಿ ಹೇಳುವುದು. ಹಾಗೆ ತೋರಿಸಿ ಹಿರಿಯರನ್ನು ಒಪ್ಪಿಸಿದರು. ಕೆಲವೇ ವರ್ಷದಲ್ಲಿ ಮನೆಮನೆಯಲ್ಲಿ ಓದು ಬರಹ ಹಬ್ಬಿತು.

1827ರಲ್ಲಿ ಚೆರೋಕಿಗಳು ಲಿಖಿತ ಸಂವಿಧಾನ ಮಾಡಿಕೊಂಡರು. 1828ರ ಫೆಬ್ರವರಿಯಲ್ಲಿ ತಮ್ಮ ರಾಜಧಾನಿ ನ್ಯೂ ಎಕೋಟಾದಿಂದ ಪತ್ರಿಕೆ ತಂದರು, 'ಚೆರೋಕಿ ಫೀನಿಕ್ಸ್' ಅಂತ. ಒಂದು ಅಂಕಣ ಚೆರೋಕಿ, ಪಕ್ಕದಲ್ಲೇ ಇಂಗ್ಲಿಷ್. ಹೊಲ, ಮನೆ, ಶಾಲೆ ಎಲ್ಲ ಇತ್ತು. ಕೆಲವು ಶ್ರೀಮಂತ ಚೆರೋಕಿಗಳು ಬಿಳಿಯರ ಹಾಗೆ ಗುಲಾಮರನ್ನೂ ಇಟ್ಟುಕೊಂಡಿದ್ದರು, ಅದನ್ನೂ ಮುಚ್ಚಿಡಬಾರದು. ಹೊಂದಿಕೊಳ್ಳುವುದು ಅಂದರೆ ಇನ್ನೇನು ಬೇಕಿತ್ತು?

ಆದರೆ ಅವರ ಕಡೆಯ ಬೆಟ್ಟದಲ್ಲಿ ಚಿನ್ನ ಸಿಕ್ಕಿತು, ಬಯಲಲ್ಲಿ ಹತ್ತಿಗೆ ಹೇಳಿ ಮಾಡಿಸಿದ ನೆಲ. 1830ರಲ್ಲಿ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ಹೊಳೆಯ ಆಚೆಗೆ ಕಳಿಸುವ ಮಸೂದೆ ತಂದರು. ಕೆಳಮನೆಯಲ್ಲಿ ಅದು ಗೆದ್ದದ್ದು 102ಕ್ಕೆ 97 ಮತದಿಂದ. ಐದೇ ಮತದ ಅಂತರ! ಅದನ್ನು ವಿರೋಧಿಸಿ ಕ್ಯಾಥರೀನ್ ಬೀಚರ್ ಎಂಬ ಶಿಕ್ಷಕಿ ಹೆಂಗಸರಿಂದ ಅರ್ಜಿ ಬರೆಸಿ ಸಂಸತ್ತಿಗೆ ಕಳಿಸಿದ್ದರು. ಅಮೆರಿಕದ ಹೆಂಗಸರು ಅಷ್ಟು ದೊಡ್ಡದಾಗಿ ಸರ್ಕಾರಕ್ಕೆ ಅರ್ಜಿ ಹಾಕಿದ್ದು ಅದೇ ಮೊದಲು. 1832ರಲ್ಲಿ ಸುಪ್ರೀಂ ಕೋರ್ಟ್ ಕೂಡ ಚೆರೋಕಿಗಳ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಅಂದಿತು. ಆ ತೀರ್ಪು ಕಾಗದದಲ್ಲೇ ಉಳಿಯಿತು. 1835ರಲ್ಲಿ ಜಾರ್ಜಿಯಾದ ಪಡೆಯವರು ಪತ್ರಿಕೆಯ ಅಚ್ಚಿನ ಯಂತ್ರವನ್ನೇ ಎತ್ತಿಕೊಂಡು ಹೋದರು.

1838ರಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ಉಣ್ಣುತ್ತ ಕೂತವರನ್ನೂ ಎಬ್ಬಿಸಿ ದೊಡ್ಡಿಗಳಿಗೆ ತುಂಬಿದರು. ಸುಮಾರು 16,000 ಜನ ಈಗಿನ ಒಕ್ಲಹೋಮದ ಕಡೆಗೆ ಹೊರಟರು, ಹೆಚ್ಚಿನವರು ಚಳಿಗಾಲದಲ್ಲಿ. ಅವರಲ್ಲಿ ಸುಮಾರು 4,000 ಜನ ದೊಡ್ಡಿಗಳಲ್ಲಿ ಮತ್ತು ದಾರಿಯಲ್ಲಿ ಸತ್ತರು. ಚೆರೋಕಿಗಳ ಗುಲಾಮರೂ ಅದೇ ದಾರಿ ನಡೆದರು. ಓದು ಬರಹ ಕಲಿತದ್ದು ಅವರ ನೆಲ ಉಳಿಸಲಿಲ್ಲ. ಭಾಷೆಯನ್ನು ಮಾತ್ರ ಉಳಿಸಿತು. ಆ ಅಕ್ಷರಗಳನ್ನು ಇವತ್ತು ಮೊಬೈಲ್‌ನಲ್ಲೂ ಟೈಪ್ ಮಾಡಬಹುದು.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ, ಅಮೆರಿಕದ ಎರಡು ಕಡಲನ್ನು ಜೋಡಿಸಿದ ರೈಲನ್ನು ಐರಿಷ್ ಕೂಲಿಗಳು ಕಟ್ಟಿದರು ಎಂದು ಬರೆದಿದ್ದೀರಿ. ಚೀನೀಯರನ್ನು ಮರೆತಿರಾ? (ಓದುಗ, ಹುಬ್ಬಳ್ಳಿ)

ನೀವು ಹೇಳಿದ್ದು ಸರಿ, ನನ್ನದು ತಪ್ಪು. ಒಮಾಹಾದಿಂದ ಪಶ್ಚಿಮಕ್ಕೆ ಬಂದ ಯೂನಿಯನ್ ಪೆಸಿಫಿಕ್ ಕಂಪನಿಯ ಕಡೆ ಐರಿಷರು ಜಾಸ್ತಿ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಪೂರ್ವಕ್ಕೆ ಹೊರಟ ಸೆಂಟ್ರಲ್ ಪೆಸಿಫಿಕ್ ಕಂಪನಿಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಜನ ಚೀನೀಯರೇ. ಒಟ್ಟು ಹತ್ತು ಸಾವಿರದ ಮೇಲೆ.

ಕಷ್ಟದ ಪಾಲೂ ಅವರದೇ. ಸಿಯೆರಾ ನೆವಾಡ ಬೆಟ್ಟ ಅಂದರೆ ಗಟ್ಟಿ ಕಗ್ಗಲ್ಲು. ತುತ್ತತುದಿಯ ಸುರಂಗ 1,659 ಅಡಿ ಉದ್ದ. ಉಳಿ ಹಿಡಿಯುವವನೊಬ್ಬ, ಸುತ್ತಿಗೆ ಬೀಸುವವರಿಬ್ಬರು. ಕುಳಿ ತೋಡಿ ಮದ್ದು ತುಂಬಿ ಸಿಡಿಸಿದರೆ ದಿನಕ್ಕೆ ಒಂದೆರಡು ಅಡಿ ಸಾಗಿದರೆ ಹೆಚ್ಚು. 1866-67ರ ಚಳಿಗಾಲದಲ್ಲಿ ಹಿಮದ ಕೆಳಗೇ ಓಡಾಡುವ ಓಣಿ ಕೊರೆದುಕೊಂಡು ಬದುಕಿದರು. ಹಿಮ ಜಾರಿ ಸತ್ತವರ ಹೆಣ ಎಷ್ಟೋ ಸಲ ಬೇಸಿಗೆಯಲ್ಲಿ ಕರಗಿದ ಮೇಲೇ ಸಿಕ್ಕಿತು. ಅವರು ಹಸಿ ನೀರು ಕುಡಿಯುತ್ತಿರಲಿಲ್ಲ, ಕುದಿಸಿದ ಚಹಾ. ಹೀಗಾಗಿ ಬೇರೆಯವರಷ್ಟು ಹೊಟ್ಟೆ ಬೇನೆಗೆ ಬೀಳಲಿಲ್ಲ.

1867ರ ಜೂನ್‌ನಲ್ಲಿ ಸಾವಿರಾರು ಚೀನೀ ಕೆಲಸಗಾರರು ಒಟ್ಟಿಗೆ ಕೆಲಸ ನಿಲ್ಲಿಸಿದರು. ತಿಂಗಳಿಗೆ 40 ಡಾಲರ್ ಕೊಡಿ, ಸುರಂಗದಲ್ಲಿ ಕೆಲಸದ ಹೊತ್ತು ಇಳಿಸಿ. ಇಷ್ಟೇ ಕೇಳಿದ್ದು. ಗಲಾಟೆ ಇಲ್ಲ, ಏನಿಲ್ಲ, ಸುಮ್ನೆ ಬಿಡಾರದಲ್ಲಿ ಕೂತರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಅವರಿಗೆ ಬರುವ ಅಕ್ಕಿ ಸಾಮಾನನ್ನೇ ತಡೆದ. ಒಂದು ವಾರಕ್ಕೆ ಹಸಿವು ಗೆದ್ದಿತು.

1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಎರಡು ಹಳಿ ಕೂಡಿದವು. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರಲೇಬಾರದು ಅಂತ ಕಾನೂನು ಮಾಡಿದರು. ಅದನ್ನು ತೆಗೆದದ್ದು 1943ರಲ್ಲಿ. ಇಷ್ಟು ಗೊತ್ತಿದ್ದೂ ನಾನು ಅವರ ಹೆಸರು ಬಿಟ್ಟದ್ದು ಸಣ್ಣ ತಪ್ಪಲ್ಲ. ತಿದ್ದಿದ್ದಕ್ಕೆ ನಿಮಗೆ ಋಣಿ.

ಪ್ರಶ್ನೆ: ಉಕ್ಕಿನ ದೊರೆ ಕಾರ್ನೆಗಿ ಸಾವಿರಾರು ಲೈಬ್ರರಿ ಕಟ್ಟಿಸಿದ ದಾನಿ ಅಲ್ಲವೇ? ಕೆಲವರು ಯಾಕೆ ಬೈಯುತ್ತಾರೆ? (ಓದುಗ, ಮಂಡ್ಯ)

ಕಟ್ಟಿಸಿದ್ದು ನಿಜ, ಅಮೆರಿಕ ಒಂದರಲ್ಲೇ 1,600ಕ್ಕೂ ಜಾಸ್ತಿ. ಲೈಬ್ರರಿಯಿಂದಲೇ ಬೆಳೆದ ನಾನು ಅದನ್ನು ಹಗುರ ಮಾಡಲಾರೆ. ಆದರೆ ಅವರ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ 1892ರಲ್ಲಿ ಕಾರ್ಮಿಕ ಸಂಘವನ್ನು ಮುರಿದರು. ಪಿಂಕರ್ಟನ್ ಎಂಬ ಖಾಸಗಿ ಏಜೆನ್ಸಿಯ 300 ಬಾಡಿಗೆ ಕಾವಲುಗಾರರನ್ನು ದೋಣಿಯಲ್ಲಿ ತಂದು ಇಳಿಸಹೊರಟಾಗ ಗುಂಡು ಹಾರಿ ಎರಡೂ ಕಡೆ ಜನ ಸತ್ತರು. ಉಕ್ಕಿನ ಕೆಲಸದಲ್ಲಿ ದಿನಕ್ಕೆ 12 ತಾಸಿನ ಪಾಳಿ 1923ರವರೆಗೂ ನಡೆಯಿತು. ಕುಲುಮೆಯ ಮುಂದೆ 12 ತಾಸು ನಿಂತವನು ಯಾವ ಹೊತ್ತಿಗೆ ಲೈಬ್ರರಿಗೆ ಹೋಗಬೇಕು? ಆ ಕೆಲಸಗಾರರು ಇದನ್ನು ಆಗಲೇ ಕೇಳಿದ್ದರು. ನನಗೂ ಅದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಮುತ್ತಜ್ಜನ ಕಾಲದಲ್ಲಿ ಅಮೆರಿಕದ ಯುದ್ಧದಿಂದ ನಮ್ಮ ಕಡೆ ಹತ್ತಿ ಬೆಳೆದವರು ಸಿರಿವಂತರಾದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಹೌದೇ? (ಓದುಗ, ಗದಗ)

ಹೌದು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬಟ್ಟೆ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಎಲ್ಲರ ಕಣ್ಣು ಭಾರತದ ಮೇಲೆ ಬಿತ್ತು.

ಧಾರವಾಡದ ಕಡೆ ಅದಕ್ಕೆ ಮೊದಲೇ ತಯಾರಿ ಆಗಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ದೇಶದ ಬೇರೆ ಕಡೆ ಸೋತ ಆ ಬೀಜ ನಿಮ್ಮ ಎರೆ ಹೊಲದಲ್ಲಿ ನಿಂತಿತು. ವ್ಯಾಪಾರದಲ್ಲಿ ಅದಕ್ಕೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು. ಜವಾರಿ ಹತ್ತಿಗೆ 'ಕುಮಟಾ' ಅಂತ ಹೆಸರು, ಘಟ್ಟ ಇಳಿಸಿ ಕುಮಟಾ ಬಂದರಿಂದ ಹಡಗಿಗೆ ಹಾಕುತ್ತಿದ್ದುದರಿಂದ. ಯುದ್ಧದ ನಾಲ್ಕು ವರ್ಷ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ನಿಂತ ಕೂಡಲೇ ಧಡಾರನೆ ಬಿದ್ದಿತು. ಬೆಲೆ ಇದ್ದಾಗ ಸಾಲ ಮಾಡಿದವರ ಪಾಡು ಏನಾಯಿತು ಅಂತ ಹತ್ತಿ ಬೆಳೆಯುವ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಹೆಂಗಸರು ಮತದಾನದ ಹಕ್ಕು ಕೇಳಿದರು. ಸಿಕ್ಕಿದ್ದು 1920ರಲ್ಲಿ. ಅಲ್ಲಿ ಸಹಿ ಹಾಕಿದವರಲ್ಲಿ ಯಾರಾದರೂ ಮತ ಹಾಕಿದರೇ? (ಓದುಗಿ, ಶಿವಮೊಗ್ಗ)

ಇದೇ ಪ್ರಶ್ನೆಯನ್ನು ನಾನು ನ್ಯೂಯಾರ್ಕ್ ರಾಜ್ಯದ ಆ ಊರಿನಲ್ಲಿ ನಿಂತು ಕೇಳಿದ್ದೆ. ಮಗಳು ಅಳಿಯ ಬೇಸಿಗೆಯಲ್ಲಿ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಸಭೆ ನಡೆದ ಚರ್ಚು ಚಿಕ್ಕದು, ಇಟ್ಟಿಗೆಯದು. ಪಕ್ಕದಲ್ಲಿ ಕಲ್ಲಿನ ಉದ್ದ ಗೋಡೆ. ಅದರ ಮೇಲೆ ಅಂದಿನ ಘೋಷಣೆಯನ್ನೂ ಸಹಿ ಹಾಕಿದವರ ಹೆಸರುಗಳನ್ನೂ ಕೆತ್ತಿದ್ದಾರೆ, ಮೇಲಿಂದ ತೆಳ್ಳಗೆ ನೀರು ಇಳಿಯುತ್ತಲೇ ಇರುತ್ತದೆ. 68 ಹೆಂಗಸರು, 32 ಗಂಡಸರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ ಹೆಸರೂ ಇದೆ. ಮತದಾನದ ಬೇಡಿಕೆ ಅತಿಯಾಯಿತು ಅಂತ ಸಭೆಯಲ್ಲೇ ಹಿಂಜರಿಕೆ ಇದ್ದಾಗ, ಎದ್ದು ನಿಂತು, ಆ ಬೇಡಿಕೆ ಮುಂದಿಟ್ಟಿದ್ದ ಎಲಿಜಬೆತ್ ಕೇಡಿ ಸ್ಟಾಂಟನ್ ಪರವಾಗಿ ಮಾತಾಡಿದವರು ಅವರು. ನೀರಿನೊಳಗೆ ಕೈಯಿಟ್ಟು ಒಂದೊಂದೇ ಹೆಸರು ತಡವಿದೆ. ತಣ್ಣಗಿತ್ತು.

ಆ ಹೆಸರುಗಳಲ್ಲಿ ಷಾರ್ಲೆಟ್ ವುಡ್‌ವರ್ಡ್ ಒಂದು. ಆಕೆಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಮನೆಯಲ್ಲಿ ಕೂತು ಕೈಗವಸು ಹೊಲಿದು ಕೂಲಿ ಪಡೆಯುತ್ತಿದ್ದವಳು. ಹೊಲಿದ ದುಡ್ಡು ಕೂಡ ತನ್ನದಲ್ಲ ಅನ್ನುವುದು ಅವಳ ಒಳಗಿನ ಸಂಕಟ. ಸಭೆಯ ಸುದ್ದಿ ಕೇಳಿ ಗೆಳತಿಯರ ಜೊತೆ ಗಾಡಿ ಕಟ್ಟಿಕೊಂಡು ಹೊರಟಳು. ಯಾರೂ ಬರುವುದಿಲ್ಲವೇನೋ ಅಂದುಕೊಂಡಿದ್ದರು. ಮುಂದೆ ಮುಂದೆ ಹೋದ ಹಾಗೆ ಅಡ್ಡದಾರಿಗಳಿಂದ ಒಂದೊಂದೇ ಗಾಡಿ ಬಂದು ಕೂಡಿಕೊಂಡವು.

1920ರಲ್ಲಿ ಹಕ್ಕು ಸಿಕ್ಕಾಗ ಸಹಿ ಹಾಕಿದ ಹೆಂಗಸರಲ್ಲಿ ಬದುಕಿದ್ದವರು ಷಾರ್ಲೆಟ್ ಒಬ್ಬರೇ. ವಯಸ್ಸು ತೊಂಬತ್ತರ ಹತ್ತಿರ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು, ಮತಗಟ್ಟೆಗೆ ಹೋಗಲಾಗಲಿಲ್ಲ. ಮರುವರ್ಷ ವಾಷಿಂಗ್ಟನ್‌ನಲ್ಲಿ ಹೆಂಗಸರ ಪಕ್ಷದ ಕಚೇರಿಗೆ ಅಡಿಗಲ್ಲು ಹಾಕುವ ಸುದ್ದಿ ಕೇಳಿ ಒಂದು ಗಾರೆ ಕರಣೆ ಕಳಿಸಿದರು. ಸೆನೆಕಾ ಫಾಲ್ಸ್ ಸಭೆಯ ನೆನಪಿಗೆ, ಅದರಲ್ಲಿ ಉಳಿದಿರುವ ಒಬ್ಬಳು ಕೊಟ್ಟದ್ದು ಅಂತ ಅದರ ಮೇಲೆ ಕೆತ್ತಿಸಿದ್ದರು.